ಹಬ್ಬದ ಪಲ್ಯಕ್ಕೆ ಗೋಡಂಬಿ, ಶೇಂಗಾ: ಯಾವುದಕ್ಕೆ ಯಾವುದು, ಯಾವಾಗ

ದೀಪಾವಳಿ ಅಂದರೆ ಮಲೆನಾಡಿನವರಿಗೆ ದೊಡ್ಡಹಬ್ಬ. ಗೋಪೂಜೆ, ನೈವೇದ್ಯ, ಕಡುಬು, ಹೋಳಿಗೆ ಅಂತ ಓಡಾಡುವಾಗ ಪಲ್ಯದ ಬಗ್ಗೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ತರಕಾರಿ ಹೆಚ್ಚಿ, ಒಗ್ಗರಣೆ ಹಾಕಿ, ಕಾಯಿತುರಿ ಉದುರಿಸಿದರೆ ಮುಗಿಯಿತು. ಹಬ್ಬದ ಪಲ್ಯ ಅಲ್ವಾ, ಸ್ವಲ್ಪ ಜೋರಾಗಿರಲಿ ಎಂದು ಕೊನೆಗೆ ಒಂದು ಹಿಡಿ ಗೋಡಂಬಿ ತುಪ್ಪದಲ್ಲಿ ಹುರಿದು ಮೇಲೆ ಸುರಿಯುತ್ತಾರೆ. ಊಟಕ್ಕೆ ಕೂರುವ ಹೊತ್ತಿಗೆ ಅದು ತೊಯ್ದು ಮೆತ್ತಗಾಗಿರುತ್ತದೆ. ಕುರುಕಲೂ ಆಗಲ್ಲ, ಖಾರ-ಉಪ್ಪು ಹಿಡಿದೂ ಇರಲ್ಲ. ಗೋಡಂಬಿಗೆ ಕೊಟ್ಟ ದುಡ್ಡು ಸುಮ್ನೆ ಹೋಯಿತು.

ಬೀಜ ಹಾಕುವ ಮುಂಚೆ ನೋಡಬೇಕಾದದ್ದು ಎರಡೇ. ಆ ತರಕಾರಿಯಲ್ಲಿ ನೀರೆಷ್ಟಿದೆ? ಒಲೆಯಿಂದ ಇಳಿಸಿದ ಪಲ್ಯ ಎಲೆಗೆ ಬರುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ? ಹಬ್ಬದ ದಿನ ಬೆಳಿಗ್ಗೆ ಒಂಬತ್ತಕ್ಕೆ ಪಲ್ಯ ಆಗಿರುತ್ತದೆ. ಪೂಜೆ, ನೈವೇದ್ಯ ಮುಗಿದು ಎಲೆ ಹಾಕುವಾಗ ಒಂದು ಗಂಟೆ ದಾಟಿರುತ್ತದೆ. ಪಲ್ಯ ಬಡಿಸಿದ ಮೇಲೂ ಅನ್ನ, ಸಾರು ಬಂದು ಎಲ್ಲರೂ ಕೈ ಹಾಕುವ ತನಕ ಅದು ಎಲೆಯ ಮೇಲೆ ಕಾಯಬೇಕು. ಇಷ್ಟು ಹೊತ್ತು ಗರಿಗರಿಯಾಗಿ ಉಳಿಯುವ ಹುರಿದ ಬೀಜ ಇಲ್ಲ. ಹಾಗಾಗಿ ಹಬ್ಬದ ಪಂಕ್ತಿಗೆ ಬಹುಪಾಲು ಪಲ್ಯಗಳಲ್ಲಿ ಬೀಜವನ್ನು ತರಕಾರಿ ಜೊತೆಗೇ ಬೇಯಿಸುವುದು, ಇಲ್ಲವೇ ಪುಡಿ ಮಾಡಿ ಬೆರೆಸುವುದು ಒಳ್ಳೆಯದು. ಮೇಲೆ ಉದುರಿಸುವುದು ಒಣ ಪಲ್ಯಕ್ಕೆ ಮಾತ್ರ. ಅದೂ ಬಡಿಸುವ ಹೊತ್ತಿಗೆ.

ಅಂಗಡಿಯಲ್ಲಿ

ಗೋಡಂಬಿಗೆ ನಮ್ಮಲ್ಲಿ ಗೇರುಬೀಜ ಅಂತಲೂ ಹೇಳುತ್ತಾರೆ. ಗೇರು ಮರ ಬ್ರೆಜಿಲ್ ಕಡೆಯದು, ಪೋರ್ಚುಗೀಸರು 16ನೇ ಶತಮಾನದಲ್ಲಿ ತಂದದ್ದು. ಈಗ ಘಟ್ಟದ ಕೆಳಗೂ ಮೇಲೂ ನಮ್ಮದೇ ಮರದ ಹಾಗೆ ಬೆಳೆದು ನಿಂತಿದೆ. ಶಿವಮೊಗ್ಗದ ಗಾಂಧಿ ಬಜಾರಿನ ದಿನಸಿ ಅಂಗಡಿಗೆ ಹೋದರೆ ಡಬ್ಬಿಯ ಮೇಲೆ 180, 240, 320 ಎಂಬ ಅಂಕಿಗಳು ಕಾಣುತ್ತವೆ. ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಂಗೆ, ಹೆಚ್ಚೆಂದರೆ ಎಷ್ಟು ಇಡೀ ಬೀಜ ತೂಗುತ್ತದೆ ಎನ್ನುವ ಲೆಕ್ಕ ಅದು. ಅಂಕಿ ಚಿಕ್ಕದಾದಷ್ಟೂ ಬೀಜ ದಪ್ಪ, ಬೆಲೆಯೂ ಜಾಸ್ತಿ.

ಪಲ್ಯಕ್ಕೆ 180 ಬೇಡವೇ ಬೇಡ. ಅದು ತಟ್ಟೆಯಲ್ಲಿಟ್ಟು ನೆಂಟರಿಗೆ ಕೊಡುವುದಕ್ಕೆ. ತರಕಾರಿ ಜೊತೆ ಬೇಯಿಸುವುದಕ್ಕೆ ಎರಡು ಹೋಳಾದ ಬೇಳೆ ಗೋಡಂಬಿಯೇ ಸರಿ. ಅಗ್ಗ, ಬೇಗ ನೆನೆಯುತ್ತದೆ, ಒಳಭಾಗ ತೆರೆದಿರುವುದರಿಂದ ಉಪ್ಪು-ಖಾರವೂ ಚೆನ್ನಾಗಿ ಹಿಡಿಯುತ್ತದೆ. ರುಚಿಯಲ್ಲಿ ಇಡೀದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ. ತೀರಾ ಚೂರು ಮಾತ್ರ ಬೇಡ. ಬೇಯುವಾಗ ಕರಗಿ ಪಲ್ಯ ಅಂಟಾಗುತ್ತದೆ.

ಹಬ್ಬದ ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯ ಮನೆಗಳಲ್ಲಿ ಉಪ್ಪೇ ನೀರಾಗುವ ಕಾಲ ಅದು. ಬೀಜದಲ್ಲಿ ಎಣ್ಣೆ ಅಂಶ ಜಾಸ್ತಿ ಇರುವುದರಿಂದ ಹಳೆಯದಾದರೆ ಕಮಟು ವಾಸನೆ ಬರುತ್ತದೆ. ಒಂದು ಬೀಜ ಮುರಿದು ಮೂಸಿ, ಆಮೇಲೆ ಬಾಯಿಗೆ ಹಾಕಿ ನೋಡಿ. ಹಳೇ ಎಣ್ಣೆಯ ವಾಸನೆ ಬಂದರೆ ಹುರಿದರೂ ಅದು ಹೋಗುವುದಿಲ್ಲ.

ಶೇಂಗಾಕ್ಕೆ ಇನ್ನೂ ಸ್ವಲ್ಪ ಹೆಚ್ಚು ಎಚ್ಚರಿಕೆ ಬೇಕು. ತೇವ ಹಿಡಿದ ಶೇಂಗಾದಲ್ಲಿ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರಿಕೊಳ್ಳಬಹುದು. ಇದು ಹುರಿದರೆ, ಬೇಯಿಸಿದರೆ ಪೂರ್ತಿ ಹೋಗುವಂಥದ್ದಲ್ಲ. ಹುರಿಯುವ ಮುಂಚೆ ಮೊರದಲ್ಲಿ ಹರವಿ, ಮುದುಡಿದ್ದು, ಕಪ್ಪಾದದ್ದು, ಹಸಿರು-ಹಳದಿ ಬೂಷ್ಟು ಕಂಡದ್ದು ಎಲ್ಲ ಆರಿಸಿ ಬಿಸಾಡಿ. ದನಕ್ಕೂ ಹಾಕಬೇಡಿ. ಪುಡಿ ಮಾಡುವವರಂತೂ ಈ ಕೆಲಸ ತಪ್ಪಿಸಲೇಬಾರದು. ಒಂದೇ ಒಂದು ಕಹಿ ಬೀಜ ಇಡೀ ಪುಡಿಯನ್ನು ಕೆಡಿಸುತ್ತದೆ.

ಎಷ್ಟು ಬೇಕು

ಅರ್ಧ ಕಿಲೋ ತರಕಾರಿಗೆ 50 ಗ್ರಾಂ ಗೋಡಂಬಿ ಹಿಡಿಯಿರಿ. 320ರ ಲೆಕ್ಕದಲ್ಲಿ ಸುಮಾರು 35 ಇಡೀ ಬೀಜ. ಎರಡು ಬಗೆ ಪಲ್ಯ ಇರುವ ಊಟಕ್ಕೆ 25 ಜನ ಬರುತ್ತಾರೆ ಅಂದುಕೊಳ್ಳಿ. ಒಂದೊಂದು ಪಲ್ಯಕ್ಕೆ ಒಂದೂಕಾಲು ಕಿಲೋ ತರಕಾರಿ ಸಾಕು. ಅದಕ್ಕೆ 125 ಗ್ರಾಂ ಗೋಡಂಬಿ ಹಾಕಿದರೆ ಒಂದೊಂದು ಎಲೆಗೆ ಮೂರು-ನಾಲ್ಕು ಬೀಜ ಬೀಳುತ್ತದೆ. ಬೇಳೆಯಾದರೆ ಏಳು ಹೋಳು. ಇದಕ್ಕಿಂತ ಜಾಸ್ತಿ ಹಾಕಿದರೆ ತರಕಾರಿಯ ರುಚಿ ಹಿಂದೆ ಬೀಳುತ್ತದೆ. ಹೋಳಿಗೆ, ತುಪ್ಪ ಇನ್ನೂ ಬರುವುದಿದೆ, ಹೊಟ್ಟೆಯಲ್ಲಿ ಜಾಗ ಇರಬೇಕಲ್ಲ.

ಇನ್ನೊಂದು ಮಾತು. ಎಲೆಯಲ್ಲಿರುವ ಎಲ್ಲದಕ್ಕೂ ಬೀಜ ಹಾಕಬೇಡಿ. ಪಾಯಸದಲ್ಲಿ ಗೋಡಂಬಿ, ಚಿತ್ರಾನ್ನದಲ್ಲಿ ಶೇಂಗಾ ಹೇಗೂ ಇರುತ್ತದೆ. ಎರಡು ಪಲ್ಯದಲ್ಲಿ ಒಂದಕ್ಕೆ ಗೋಡಂಬಿ ಹಾಕಿದರೆ ಇನ್ನೊಂದಕ್ಕೆ ಬರೀ ಕಾಯಿತುರಿ ಇರಲಿ, ಅಥವಾ ತೆಳ್ಳಗೆ ಶೇಂಗಾ ಪುಡಿ. ಕೋಸಂಬರಿ, ತಂಬುಳಿ, ಸಾಸಿವೆ ಇವುಗಳ ತಂಟೆಗೆ ಹೋಗಬೇಡಿ. ಸೌತೆಕಾಯಿ ಸಾಸಿವೆಗೆ ಗೋಡಂಬಿ ರುಬ್ಬಿ ಹಾಕುವವರಿದ್ದಾರೆ. ನನಗೆ ಅದು ಒಗ್ಗುವುದಿಲ್ಲ. ಹಸಿ ಸಾಸಿವೆಯ ಘಾಟು ಮೂಗಿಗೆ ಹತ್ತುವುದೇ ಅದರ ಸೊಗಸು. ಗೋಡಂಬಿ ಅದನ್ನು ಮೊಂಡು ಮಾಡುತ್ತದೆ.

ತೊಂಡೆಕಾಯಿ–ಗೇರುಬೀಜದ ಪಲ್ಯ

ಬೀಜ ಹಾಕಿದ ಪಲ್ಯ ಒಂದನ್ನೇ ಕಲಿಯುವುದಾದರೆ ಇದನ್ನು ಕಲಿಯಿರಿ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಮದುವೆ, ಹಬ್ಬದ ಊಟಕ್ಕೆ ಇದು ಹಳೆಯ ಜೋಡಿ. ತೊಂಡೆಕಾಯಿ ಬೆಂದರೂ ಆಕಾರ ಬಿಡುವುದಿಲ್ಲ, ಗೋಡಂಬಿ ಬೆಂದು ಮೆತ್ತಗಾಗುತ್ತದೆ. ಹಲ್ಲಿಲ್ಲದ ಅಜ್ಜ-ಅಜ್ಜಿಯರೂ ಆರಾಮಾಗಿ ತಿನ್ನಬಹುದು. ಬೆಳಿಗ್ಗೆ ಮಾಡಿಟ್ಟರೆ ಮಧ್ಯಾಹ್ನಕ್ಕೆ ಇನ್ನೂ ರುಚಿ. ಈರುಳ್ಳಿ-ಬೆಳ್ಳುಳ್ಳಿ ಬೇಕಾಗಿಲ್ಲ, ಹಾಗಾಗಿ ನೈವೇದ್ಯಕ್ಕೂ ಆಗುತ್ತದೆ.

ಅರ್ಧ ಕಿಲೋ ಎಳೆ ತೊಂಡೆಕಾಯಿ ತೆಗೆದುಕೊಳ್ಳಿ. ಒಳಗೆ ಕೆಂಪಾದದ್ದು ಹುಳಿ ಬರುತ್ತದೆ, ಅದನ್ನು ಬೇರೆ ಇಡಿ. 50 ಗ್ರಾಂ ಬೇಳೆ ಗೋಡಂಬಿಯನ್ನು ಕುದಿಯುವ ನೀರು ಹಾಕಿ ಅರ್ಧ ಗಂಟೆ ಮುಚ್ಚಿಡಿ. ಅಂಗಡಿಯ ಗೋಡಂಬಿಯನ್ನು ಸಿಪ್ಪೆ ಒಡೆಯುವ ಮುಂಚೆಯೇ ಹಬೆಯಲ್ಲಿ ಬೇಯಿಸಿಯೋ ಹುರಿದೋ ಇರುತ್ತಾರೆ, ಹಾಗಾಗಿ ಇಷ್ಟು ನೆನೆದರೆ ಸಾಕು. ಆ ಹೊತ್ತಿಗೆ ತೊಂಡೆಕಾಯಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ. ದುಂಡಗೆ ಬಿಲ್ಲೆ ಮಾಡುವುದಕ್ಕಿಂತ ಉದ್ದ ಹೋಳೇ ಚೆಂದ, ಗೋಡಂಬಿಯ ಜೊತೆ ಬಾಯಿಗೆ ಸರಿಯಾಗಿ ಸಿಗುತ್ತದೆ.

ಬಾಣಲೆಗೆ ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆ ಹಾಕಿ. ಕಾದ ಮೇಲೆ ಸಾಸಿವೆ, ಉದ್ದಿನಬೇಳೆ, ಮುರಿದ ಎರಡು ಬ್ಯಾಡಗಿ ಮೆಣಸು, ಕರಿಬೇವು, ಚಿಟಿಕೆ ಇಂಗು. ತೊಂಡೆಕಾಯಿ ಹಾಕಿ ಎರಡು ನಿಮಿಷ ಕೈಯಾಡಿಸಿ. ಅರಿಶಿನ, ಉಪ್ಪು, ಅರ್ಧ ಲೋಟ ನೀರು ಹಾಕಿ ಮುಚ್ಚಿ. ಸಣ್ಣ ಉರಿ ಇರಲಿ.

ಏಳೆಂಟು ನಿಮಿಷ ಆದ ಮೇಲೆ ಮುಚ್ಚಳ ತೆಗೆದು ನೋಡಿ. ತೊಂಡೆಕಾಯಿ ಅರ್ಧ ಬೆಂದಿರುತ್ತದೆ, ತಳದಲ್ಲಿ ಇನ್ನೂ ಸ್ವಲ್ಪ ನೀರಿರುತ್ತದೆ. ಗೋಡಂಬಿ ಹಾಕಬೇಕಾದದ್ದು ಈಗ. ನೆನೆದ ನೀರು ಬಸಿದು ಹಾಕಿ. ಮೊದಲೇ ಹಾಕಿದರೆ ತುದಿ ಮುರಿದು ಹಿಟ್ಟಾಗುತ್ತದೆ. ನೀರು ಆರಿದ ಮೇಲೆ ಹಾಕಿದರೆ ಉಪ್ಪು ಒಳಗೆ ಇಳಿಯುವುದಿಲ್ಲ. ತಳದ ನೀರು ಪೂರ್ತಿ ಇಂಗಿ ಹೋಗಿದ್ದರೆ ಒಂದು ಹಿಡಿ ಬಿಸಿನೀರು ಚಿಮುಕಿಸಿ. ಮತ್ತೆ ಮುಚ್ಚಿ ಆರೇಳು ನಿಮಿಷ ಬೇಯಿಸಿ.

ಬೆರಳಲ್ಲಿ ಒತ್ತಿದರೆ ಗೋಡಂಬಿ ಮಣಿಯಬೇಕು, ಮುದ್ದೆ ಆಗಬಾರದು. ಆಗ ನೆಲ್ಲಿಕಾಯಿ ಗಾತ್ರದ ಬೆಲ್ಲ, ಒಂದು ಹಿಡಿ ಕಾಯಿತುರಿ ಹಾಕಿ, ಮುಚ್ಚಳ ಇಲ್ಲದೆ ಎರಡು ನಿಮಿಷ ನೀರು ಆರಿಸಿ. ಸೌಟಿನಲ್ಲಿ ಗೊಟಾಯಿಸಬೇಡಿ, ಬಾಣಲೆಯ ಕಿವಿ ಹಿಡಿದು ಕುಲುಕಿದರೆ ಹೋಳು ಒಡೆಯುವುದಿಲ್ಲ. ಗೋಡಂಬಿಗೇ ಸಿಹಿ ಇರುವುದರಿಂದ ಬೆಲ್ಲ ಕಡಿಮೆ ಇದ್ದರೂ ನಡೆಯುತ್ತದೆ. ಖಾರ ಮಾತ್ರ ಮಾಮೂಲಿಗಿಂತ ಸ್ವಲ್ಪ ಮುಂದಿರಲಿ.

ಯುಗಾದಿಗೆ ಮಾಡುವವರಿಗೆ ಹಸಿ ಗೇರುಬೀಜ ಸಿಗುತ್ತದೆ. ಮಾರ್ಚ್‌ನಿಂದ ಮೇ ತನಕ ಅದರ ಕಾಲ. ಆಗ ಈ ಪಲ್ಯ ಬೇರೆಯದೇ ಆಗಿಬಿಡುತ್ತದೆ, ಒಣ ಗೋಡಂಬಿಯಲ್ಲಿ ಆ ಹಾಲಿನಂಥ ಸಿಹಿ ಬರುವುದಿಲ್ಲ. ಆದರೆ ಹಸಿ ಸಿಪ್ಪೆಯ ಸೊನೆ ಚರ್ಮವನ್ನು ಸುಡುತ್ತದೆ. ಕೈಗೆ ಕೊಬ್ಬರಿ ಎಣ್ಣೆ ಚೆನ್ನಾಗಿ ಹಚ್ಚಿಕೊಂಡು, ಇಲ್ಲವೇ ಕೈಗವಸು ಹಾಕಿಕೊಂಡು ಮೆಟ್ಟುಗತ್ತಿಯಲ್ಲಿ ಸೀಳಿ ತಿರುಳು ತೆಗೆಯಿರಿ. ಕಣ್ಣು, ಮುಖ ಮುಟ್ಟಬೇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ತಿರುಳನ್ನು ಬಿಸಿನೀರಿಗೆ ಹಾಕಿ ಒಳಸಿಪ್ಪೆ ಬಿಡಿಸಿ, ಮತ್ತೆ ತೊಳೆದು ಬೇಯಿಸಿ. ಸಂತೆಯಲ್ಲಿ ಬಿಡಿಸಿದ್ದೇ ಸಿಕ್ಕರೆ ದುಡ್ಡು ಸ್ವಲ್ಪ ಜಾಸ್ತಿ ಆದರೂ ಅದನ್ನೇ ತನ್ನಿ.

ಶೇಂಗಾ ಪುಡಿಯ ಪಲ್ಯ

ಬೀನ್ಸ್, ಅಲಸಂದೆ, ಹೀರೆಕಾಯಿ, ಬದನೆಕಾಯಿ ಇವಕ್ಕೆಲ್ಲ ಪುಡಿ ಚೆನ್ನಾಗಿ ಹೊಂದುತ್ತದೆ. ಶೇಂಗಾ ಹುರಿಯುವುದರಲ್ಲಿ ಅವಸರ ಬೇಡ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಹತ್ತು-ಹನ್ನೆರಡು ನಿಮಿಷ, ಕೈ ಬಿಡದೆ ತಿರುವಬೇಕು. ಚಟಪಟ ಸದ್ದು ಬಂದು ಸಿಪ್ಪೆ ಅಲ್ಲಲ್ಲಿ ಬಿರಿದಾಗ ಇಳಿಸಿ, ತಕ್ಷಣ ತಟ್ಟೆಗೆ ಹರವಿ. ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೇ ಒಳಗೆ ಸೀಯುತ್ತದೆ. ಪೂರ್ತಿ ಆರಿದ ಮೇಲೆ ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿದರೆ ಸಿಪ್ಪೆ ಹಾರಿ ಹೋಗುತ್ತದೆ. ಮೊರ ಇಲ್ಲದವರು ಅಂಗಳದಲ್ಲಿ ನಿಂತು ತಟ್ಟೆಯ ಮೇಲೆ ಊದಿದರೂ ಆಯಿತು.

ಮಿಕ್ಸಿಯನ್ನು ಒಂದೇ ಸಮ ಓಡಿಸಬೇಡಿ. ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ, ಸಣ್ಣ ರವೆಯಷ್ಟು ತರಿ ಬಂದರೆ ಸಾಕು. ಇನ್ನೂ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬೀಜ ಬಿಸಿ ಇದ್ದರೂ ಹಾಗೆಯೇ ಆಗುತ್ತದೆ. ಕುಟ್ಟಾಣಿ ಇದ್ದರೆ ಇನ್ನೂ ಒಳ್ಳೆಯದು.

ಅರ್ಧ ಕಿಲೋ ಬೀನ್ಸಿಗೆ ನಾಲ್ಕು ದೊಡ್ಡ ಚಮಚ ಪುಡಿ. ಬೀನ್ಸ್ ಬೆಂದು ನೀರು ಆರಿ, ಒಲೆ ಆರಿಸಿದ ಮೇಲೆ ಬೆರೆಸಿ. ಪುಡಿ ನೀರು ಹೀರುವ ವಸ್ತು. ಬೇಯುವಾಗಲೇ ಹಾಕಿದರೆ ತಳ ಹಿಡಿದು ಗೊಜ್ಜಿನ ಹಾಗಾಗುತ್ತದೆ. ಪುಡಿ ಹಾಕುವ ದಿನ ಕಾಯಿತುರಿ ಅರ್ಧಕ್ಕೆ ಇಳಿಸಿ. ಎರಡೂ ಪೂರ್ತಿ ಇದ್ದರೆ ಪಲ್ಯ ಜಿಡ್ಡಾಗುತ್ತದೆ, ಬೀನ್ಸ್ ಎಲ್ಲಿದೆ ಅಂತ ಹುಡುಕಬೇಕು. ಹೀರೆಕಾಯಿ ಬೆಂದಾಗ ತುಂಬ ನೀರು ಬಿಡುತ್ತದೆ. ಅದಕ್ಕೆ ಪುಡಿಯನ್ನು ಸ್ವಲ್ಪ ಮುಂಚೆಯೇ, ತೆಳು ರಸ ಇರುವಾಗಲೇ ಹಾಕಬಹುದು, ಆ ರಸವನ್ನು ಅದೇ ಹಿಡಿದುಕೊಳ್ಳುತ್ತದೆ.

ಬದನೆಕಾಯಿ ಮಾಡುವವರು ಶೇಂಗಾ ಜೊತೆ ಹುರಿದ ಎಳ್ಳು, ಇಲ್ಲವೇ ಹುಚ್ಚೆಳ್ಳನ್ನು ಒಂದು ಚಮಚ ಸೇರಿಸಿ ಪುಡಿ ಮಾಡಿ. ಬಯಲುಸೀಮೆಯ ಎಣ್ಣೆಗಾಯಿಯ ದಾರಿ ಇದು.

ಕಾರ್ತಿಕದ ಹೊತ್ತಿಗೆ ಹಸಿ ಕಡ್ಲೆಕಾಯಿ ಮಾರುಕಟ್ಟೆಗೆ ಬಂದಿರುತ್ತದೆ. ಮುಂಗಾರಿನಲ್ಲಿ ಬಿತ್ತಿದ ಬೆಳೆ ಅದು. ಮಲೆನಾಡಿನ ಗದ್ದೆ-ತೋಟದಲ್ಲಿ ಇದನ್ನು ಬೆಳೆಯುವವರು ಕಡಿಮೆ, ಚಳ್ಳಕೆರೆ ಸೀಮೆಯಂಥ ಒಣ ನೆಲವೇ ಅದಕ್ಕೆ ಸರಿ. ಸಿಪ್ಪೆ ಸಮೇತ ಉಪ್ಪು ಹಾಕಿ ಬೇಯಿಸಿ, ಬಿಡಿಸಿ, ಸಿಹಿಗುಂಬಳದ ಪಲ್ಯಕ್ಕೆ ಕೊನೆಯಲ್ಲಿ ಬೆರೆಸಿ ನೋಡಿ. ಕುಂಬಳದ ಸಿಹಿಗೆ ಆ ಉಪ್ಪು-ಮಣ್ಣಿನ ರುಚಿ ಒಳ್ಳೆಯ ಜೊತೆ. ಕುಂಬಳ ಮಾತ್ರ ಪೂರ್ತಿ ಬೇಯುವ ಮುಂಚೆ ಒಲೆ ಆರಿಸಿ, ಮುಚ್ಚಿಟ್ಟ ಕಾವಿಗೇ ಉಳಿದದ್ದು ಬೇಯುತ್ತದೆ.

ಮೇಲೆ ಉದುರಿಸುವುದಾದರೆ

ಒಣ ಪಲ್ಯಕ್ಕೆ ಮಾತ್ರ ಎಂದೆನಲ್ಲ, ಸುವರ್ಣಗಡ್ಡೆ ಅಂಥದ್ದು. ಕೈಗೆ ಎಣ್ಣೆ ಹಚ್ಚಿಕೊಂಡು ಹೆಚ್ಚಿ, ಹುಣಸೆರಸ ಬೆರೆಸಿದ ನೀರಿನಲ್ಲಿ ಬೇಯಿಸಿದರೆ ತುರಿಕೆ ಇರಲ್ಲ. ನೀರು ಬಸಿದು, ಒಗ್ಗರಣೆಯಲ್ಲಿ ಹೊರಮೈ ಕೆಂಪಾಗುವಂತೆ ಬಾಡಿಸಿ. ಬಾಳೆಕಾಯಿಗೂ ಇದೇ ಕ್ರಮ, ಹುಣಸೆ ಮಾತ್ರ ಬೇಕಾಗಿಲ್ಲ.

ಗೋಡಂಬಿಯನ್ನು ಬೇರೆಯಾಗಿ ಹುರಿಯಿರಿ. ತುಪ್ಪ ಹದವಾಗಿ ಬಿಸಿಯಾಗಲಿ, ಹೊಗೆಯಾಡಬಾರದು. ಸಣ್ಣ ಉರಿಯಲ್ಲಿ ಮೂರು-ನಾಲ್ಕು ನಿಮಿಷ. ನಿಮಗೆ ಬೇಕಾದ ಬಣ್ಣಕ್ಕಿಂತ ಒಂದು ಛಾಯೆ ತಿಳಿಯಾಗಿರುವಾಗಲೇ ಜಾಲರಿ ಸೌಟಿನಲ್ಲಿ ಎತ್ತಿ, ಹೊರಗೆ ಬಂದ ಮೇಲೂ ಅದು ಕೆಂಪಾಗುತ್ತಲೇ ಇರುತ್ತದೆ. ಆರಿದ ಮೇಲೆ ಸ್ಟೀಲ್ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿಡಿ. ಬಿಸಿ ಇರುವಾಗ ಮುಚ್ಚಿದರೆ ಒಳಗೆ ಬೆವರಿ ಮೆತ್ತಗಾಗುತ್ತದೆ. ಬಡಿಸುವವರ ಕೈಗೆ ಪಲ್ಯದ ಪಾತ್ರೆ ಕೊಡುವಾಗ ಬೆರೆಸಿ. ಹುರಿದ ತುಪ್ಪ ಉಳಿದಿರುತ್ತದಲ್ಲ, ಅದು ಪಾಯಸಕ್ಕೋ ಅನ್ನಕ್ಕೋ ಹೋಗಲಿ.

ಬಾದಾಮಿ, ಅಕ್ರೋಟು ಈಗ ಹಬ್ಬದ ಉಡುಗೊರೆ ಡಬ್ಬಿಯಲ್ಲಿ ಮನೆಗೆ ಬಂದುಬಿಡುತ್ತದೆ. ಬಾದಾಮಿಯನ್ನು ನೆನೆಸಿ ಸಿಪ್ಪೆ ತೆಗೆದು ಉದ್ದುದ್ದ ಸೀಳಿ ಹುರಿದರೆ ಬೀನ್ಸ್–ಕ್ಯಾರೆಟ್ ಪಲ್ಯಕ್ಕೆ ನಡೆಯುತ್ತದೆ. ಅಕ್ರೋಟಿನ ಸಿಪ್ಪೆ ಒಗರು, ಬೇಗ ಕಮಟೂ ಆಗುತ್ತದೆ. ಹಾಕಲೇಬೇಕೆಂದರೆ ಒಣಗೆ ಹುರಿದು, ಉಜ್ಜಿ, ಸಿಹಿಗುಂಬಳಕ್ಕೆ ಹಾಕಿ. ಪಿಸ್ತಾ ಮಕ್ಕಳು ತಿನ್ನಲಿ.

ದುಡ್ಡು ಖರ್ಚಿಲ್ಲದ ನಮ್ಮ ಮನೆಯದೇ ಬೀಜ ಒಂದಿದೆ, ಹಲಸಿನ ಬೀಜ. ಕೆಮ್ಮಣ್ಣು ಬಳಿದು ಒಣಗಿಸಿಟ್ಟದ್ದು ಚೌತಿ ಹೊತ್ತಿಗೆ ಇನ್ನೂ ಚೆನ್ನಾಗಿರುತ್ತದೆ. ಜಜ್ಜಿ ಹೊರಸಿಪ್ಪೆ ತೆಗೆದು, ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿ, ಅಲಸಂದೆ ಅಥವಾ ಬದನೆ ಪಲ್ಯಕ್ಕೆ ಬೆರೆಸಿ. ಎಣ್ಣೆ ಅಂಶ ಇಲ್ಲ, ಹಿಟ್ಟಿನ ಅಂಶ ಜಾಸ್ತಿ, ಹಾಗಾಗಿ ಗೋಡಂಬಿಯ ಜಾಗಕ್ಕೆ ಇದು ಬರುವುದಿಲ್ಲ. ಆಲೂಗಡ್ಡೆಯ ಜಾಗಕ್ಕೆ ಬರುತ್ತದೆ. ಚೌತಿಗೆ ಅದೇ ಸೊಗಸು.

ಊಟಕ್ಕೆ ಬರುವವರನ್ನು ಕೇಳಿ

ಶೇಂಗಾ, ಗೋಡಂಬಿ ಕೆಲವರಿಗೆ ಆಗುವುದಿಲ್ಲ. ತುರಿಕೆ, ತುಟಿ ಊತ ಬರಬಹುದು. ಒಮ್ಮೊಮ್ಮೆ ಉಸಿರೇ ಕಟ್ಟಿ ಜೀವಕ್ಕೆ ಅಪಾಯವಾಗುತ್ತದೆ. ಹೊಸ ಸೊಸೆ, ಅಳಿಯ, ಮಕ್ಕಳ ಸ್ನೇಹಿತರು ಯಾರೇ ಬರುತ್ತಿದ್ದರೂ ಮುಂಚಿನ ದಿನ ಫೋನಿನಲ್ಲಿ ಕೇಳಿಬಿಡಿ, ಇದರಲ್ಲಿ ಸಂಕೋಚ ಏನೂ ಇಲ್ಲ. ಅಂಥವರಿದ್ದರೆ ಬೀಜ ಹಾಕುವ ಮುಂಚೆ ಅವರ ಪಾಲನ್ನು ತೆಗೆದಿಟ್ಟರೆ ಮಾತ್ರ ಸಾಲದು. ಬಾಣಲೆ, ಸೌಟು, ಮಿಕ್ಸಿ ಜಾರು, ಬಡಿಸುವ ಚಮಚ ಎಲ್ಲವೂ ಬೇರೆ ಇರಬೇಕು. ಒಗ್ಗರಣೆಗೆ ಶೇಂಗಾ ಎಣ್ಣೆ ಬಳಸುವ ಮನೆಯವರು ಅದನ್ನೂ ನೆನಪಿಡಿ. ಬಂದವರಲ್ಲಿ ಯಾರಿಗಾದರೂ ಶೇಂಗಾ ತೀರಾ ಆಗದಿದ್ದರೆ ಆ ದಿನ ಅಡುಗೆಮನೆಗೇ ಶೇಂಗಾ ತರಬೇಡಿ. ಹಬ್ಬ ಅದಿಲ್ಲದೆಯೂ ಆಗುತ್ತದೆ.

ಐದು ವರ್ಷದೊಳಗಿನ ಮಕ್ಕಳ ಎಲೆಗೆ ಇಡೀ ಬೀಜ ಹಾಕಬೇಡಿ. ಓಡಾಡುತ್ತಾ, ನಗುತ್ತಾ ತಿನ್ನುವಾಗ ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಅವರಿಗೆ ಪುಡಿಯ ಪಲ್ಯವೇ ಸರಿ.

ಹಿಂದಿನ ದಿನದ ಕೆಲಸ, ಉಳಿದದ್ದರ ದಾರಿ

ಶೇಂಗಾ ಆರಿಸಿ ಹುರಿದು ಪುಡಿ ಮಾಡುವುದನ್ನು ಹಿಂದಿನ ಸಂಜೆಯೇ ಮುಗಿಸಿ. ಗೋಡಂಬಿಯನ್ನು ಮಾತ್ರ ಹಬ್ಬದ ಬೆಳಿಗ್ಗೆಯೇ ನೆನೆಸಿ. ರಾತ್ರಿಯಿಡೀ ಅಡುಗೆಮನೆಯಲ್ಲಿ ನೆನೆಹಾಕಿದರೆ ಹುಳಿ ವಾಸನೆ ಬರುವುದುಂಟು. ಪಲ್ಯಕ್ಕೆ ತೊಂಡೆಕಾಯಿ ಮೊದಲು ಒಲೆಗೇರಲಿ, ಅದು ಕಾಯುವುದಕ್ಕೆ ಹೆದರುವುದಿಲ್ಲ. ಪುಡಿಯ ಪಲ್ಯ ಕೊನೆಗೆ.

ಉಳಿದ ಶೇಂಗಾ ಪುಡಿ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿದ್ದರೆ ಎರಡು-ಮೂರು ವಾರ ಕೆಡದು. ಹೊರಗಿಟ್ಟರೆ ಒಂದು ವಾರದೊಳಗೆ ಮುಗಿಸಿ. ಕಾಯಿತುರಿ ಬಿದ್ದ ಪಲ್ಯವನ್ನು ಮಾತ್ರ ರಾತ್ರಿಯ ತನಕ ಹೊರಗೆ ಬಿಡಬೇಡಿ, ಊಟ ಮುಗಿದ ಕೂಡಲೇ ಫ್ರಿಜ್ಜಿಗೆ ಸೇರಿಸಿ. ಮರುದಿನ ಬೆಳಿಗ್ಗೆ ಆ ತೊಂಡೆಕಾಯಿ ಪಲ್ಯವನ್ನು ಸಣ್ಣಗೆ ಕೊಚ್ಚಿ, ಅಕ್ಕಿಹಿಟ್ಟಿಗೆ ಕಲಸಿ, ಬಾಳೆಲೆಯ ಮೇಲೆ ರೊಟ್ಟಿ ತಟ್ಟಿ. ಉಪ್ಪು ನೋಡಿಕೊಂಡು ಹಾಕಿ, ಪಲ್ಯದಲ್ಲೇ ಇರುತ್ತದೆ.